ಕ್ರಿಸ್‌ಮಸ್ ಗಿಡದ ಕೆಂಪು ಹೂವು

ಬೇಡಕಿಹಾಳದ ಜಿನಮತಿಗೆ ಆ ಕೆಲಸ ಒಪ್ಪಿಸಿದವಳು ಎಸ್ತೇರಬಾಯಿ. ನಿಪ್ಪಾಣಿಯ ಚರ್ಚಿನಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದವಳು. ಜಿನಮತಿ ಹೊಲಿಗೆ ಕಲಿತದ್ದೂ ಅವಳ ಹತ್ತಿರವೇ.

"ಈ ಸಲ ಕ್ರಿಸ್‌ಮಸ್ ಗಿಡಕ್ಕ ಅಂಗಡ್ಯಾಗಿನ ಚಮಕಿ ಸಾಮಾನ ಬ್ಯಾಡಂತ ಅಂದೀವಿ. ನೀವು ಅರಿವಿ ಹೂವ ಮಾಡಿಕೊಡ್ರಿ. ಕೆಂಪು, ಬಿಳಿ, ಎರಡ ಬಣ್ಣ ಸಾಕು" ಅಂದಿದ್ದಳು ಎಸ್ತೇರಬಾಯಿ.

ಜಿನಮತಿಗೆ ಹಿಗ್ಗು. ಅಷ್ಟು ಮಂದಿ ಕಲಿತವರಲ್ಲಿ ತನ್ನನ್ನೇ ಕೇಳಿದ್ದಾರೆ! ಅಂದಿನಿಂದ ಮನೆಯ ಪಡಸಾಲೆಯ ತುಂಬ ಅರಿವೆಯ ಚೂರು. ಬಟ್ಟೆಗೆ ಗಂಜಿ ಹಾಕಿ ಒಣಗಿಸಿ, ಬಟ್ಟಲು ಇಟ್ಟು ದುಂಡಗೆ ಗೆರೆ ಎಳೆದು ಕತ್ತರಿಸಬೇಕು. ಮಡಿಚಿ ಅಂಚಿನಲ್ಲಿ ಟಾಕಿ ಹಾಕಿ ದಾರ ಜಗ್ಗಿದರೆ ಒಂದೊಂದು ಎಸಳು ಮುದುರಿ ಏಳುತ್ತದೆ. ನಡುವೆ ಒಂದು ಗುಂಡಿ, ಹಿಂದೆ ನೇತು ಹಾಕಲು ದಾರದ ಕುಣಿಕೆ. ದಾರ ಜಗ್ಗುವ ಕೆಲಸ ನಾದಿನಿ ಸೋನಾಬಾಯಿಯದು. ಅವಳು ಜಗ್ಗಿದರೆ ಎಸಳು ಒಂದೂ ಸೊಟ್ಟಗಾಗುತ್ತಿರಲಿಲ್ಲ.

ಸೋನಾಬಾಯಿ ಜಿನಮತಿಯ ಗಂಡ ಭಾವುಸಾಹೇಬನ ತಂಗಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು ತವರಿಗೆ ಬಂದವಳು. ಜಿನಮತಿ ಸೊಸೆಯಾಗಿ ಬರುವಷ್ಟರಲ್ಲಿ ಅದೆಲ್ಲ ಹಳೆಯ ಮಾತಾಗಿತ್ತು. ಆ ಗಂಡನ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಜಿನಮತಿಯೂ ಕೇಳಿರಲಿಲ್ಲ.

ಹೂವು ಮುಗಿಯುವ ಹೊತ್ತಿಗೆ ಐಗಳಿಯ ಸೋದರತ್ತೆಯ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯ ಬಂತು. "ಬಿಳೀವೆಲ್ಲ ಆಗ್ಯಾವ್ರಿ ವೈನಿ. ಕೆಂಪು ಸ್ವಲ್ಪ ಉಳದಾವ, ನಾ ಬಂದ ಮ್ಯಾಲ ಮುಗಸೂಣು" ಎಂದು ಅತ್ತಿಗೆಗೆ ಹೇಳಿ ಸೋನಾಬಾಯಿ ಹೋದಳು.

ಅವಳು ಹೋದ ಮರುದಿನವೇ ಕೆಂಪು ಬಟ್ಟೆ ತೀರಿತು. ನಿಪ್ಪಾಣಿಗೆ ಹೋಗಿ ತರೋಣವೆಂದರೆ ಕಬ್ಬಿನ ದರಕ್ಕಾಗಿ ರೈತರು ರಸ್ತಾ ರೋಕೋ ಮಾಡಿ ಬಸ್ಸು ನಿಲ್ಲಿಸಿದ್ದರು. ಊರಿನ ಅಂಗಡಿಯಲ್ಲಿದ್ದದ್ದು ಜಾಳು ಜಾಳಾದ ಗುಲಾಬಿ ಬಟ್ಟೆ. ಹೂವು ಒಯ್ಯಲು ಎಸ್ತೇರಬಾಯಿಯ ಕಡೆಯವರು ನಾಳೆ ಮೋಟಾರ್ ಸೈಕಲ್ ಮೇಲೆ ಬರುವವರಿದ್ದರು.

ಆಗ ಜಿನಮತಿಗೆ ಸೋನಾಬಾಯಿಯ ಟ್ರಂಕು ನೆನಪಾಯಿತು. ಅದರ ತಳದಲ್ಲಿ ಒಂದು ಕೆಂಪು ಸೀರೆ ಇದ್ದದ್ದನ್ನು ಅವಳು ನೋಡಿದ್ದಳು. ಪ್ರತಿ ಬೇಸಿಗೆಯಲ್ಲಿ ಒಮ್ಮೆ ಸೋನಾಬಾಯಿ ಅದನ್ನು ಬಿಸಿಲಿಗೆ ಹಾಕಿ, ಸಂಜೆಗೆ ಮಡಿಚಿ ಒಳಗಿಡುತ್ತಿದ್ದಳು. ಮೈತುಂಬ ಸಣ್ಣ ಸಣ್ಣ ಬಂಗಾರ ಬಣ್ಣದ ಚುಕ್ಕಿ.

ಟ್ರಂಕಿಗೆ ಕೀಲಿ ಇರಲಿಲ್ಲ. ಜಿನಮತಿ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. 'ಇದನ್ನ ಆಕಿ ಇನ್ನ ಯಾವಾಗ ಉಡತಾಳ?' ಅಂದುಕೊಂಡಳು. ಆ ಒಂದು ಮಾತಿನಿಂದ ಕೈಗೆ ಧೈರ್ಯ ಬಂತು, ಕತ್ತರಿ ಆಡಿತು. ಸೀರೆ ಅರ್ಧ ಆಗುವಷ್ಟರಲ್ಲಿ ಹೂವು ಮುಗಿದವು. ಉಳಿದರ್ಧವನ್ನು, ಕತ್ತರಿಸಿದ ಅಂಚು ಒಳಗೆ ಹೋಗುವ ಹಾಗೆ ಮಡಿಚಿ, ಮೇಲಿನಿಂದ ನೋಡಿದರೆ ಇಡೀ ಸೀರೆಯೇ ಅನ್ನಿಸುವಂತೆ ಟ್ರಂಕಿನಲ್ಲಿಟ್ಟಳು.

ಹೂವು ನಿಪ್ಪಾಣಿಗೆ ಹೋದ ಮೇಲೆ ಸೋನಾಬಾಯಿ ಐಗಳಿಯಿಂದ ನಗುನಗುತ್ತ ಬಂದಳು. "ಎಲ್ಲಾ ನೀವ ಮುಗಿಸಿಬಿಟ್ಟೀರಿ? ಅರಿವಿ ಸಾಲ್ತನ್ರಿ?"

"ಸಾಲ್ತು" ಅಂದಳು ಜಿನಮತಿ, ಒಲೆಯ ಕಡೆಗೆ ಮುಖ ಮಾಡಿ.

ಆ ದಿನದಿಂದ ಅವಳಿಗೆ ನೆಮ್ಮದಿ ಹೋಯಿತು. ರೊಟ್ಟಿ ಬಡಿದರೆ ಮೊದಲ ಬಿಸಿ ರೊಟ್ಟಿ ಸೋನಾಬಾಯಿಯ ತಾಟಿಗೆ. ನೀರಿಗೆ ಹೊರಟರೆ "ನೀ ಕೂಡ್ರು, ನಾ ತರತೀನಿ" ಎಂದು ಕೊಡ ಕಸಿದುಕೊಳ್ಳುವಳು. ಬಸದಿಗೆ ಹೋದರೂ ಮನಸ್ಸು ನಿಲ್ಲಲಿಲ್ಲ. ಕೇಳದೆ ಪರರ ವಸ್ತು ಮುಟ್ಟಬಾರದೆಂಬುದು ಸಣ್ಣವಳಿದ್ದಾಗಿನಿಂದ ಕೇಳಿದ ಮಾತು. ಕೈ ಮುಗಿದು ನಿಂತರೆ ಆ ಮಾತೇ ಕಿವಿಯಲ್ಲಿ.

"ಏನ್ರಿ ವೈನಿ, ನಾ ಐಗಳಿಗೆ ಹೋಗಿ ಬಂದ ಮ್ಯಾಲ ನನ್ನ ಮ್ಯಾಲ ಇಷ್ಟ ಮಾಯೆ?" ಎಂದು ಸೋನಾಬಾಯಿ ನಗುವಳು. ಜಿನಮತಿ ಹೇಳಿಬಿಡಬೇಕೆಂದು ಬಾಯಿ ತೆರೆಯುವಳು, ಮತ್ತೇನೋ ಮಾತಾಡಿ ಮುಚ್ಚುವಳು.

ಗಿಡ ನೋಡಲು ಬರಬೇಕೆಂದು ಚರ್ಚಿನಿಂದ ಕರೆ ಬಂತು. ಜಿನಮತಿ ತಲೆನೋವು ಅಂದಳು, ಮನೆಯಲ್ಲಿ ಕೆಲಸ ಅಂದಳು. ಸೋನಾಬಾಯಿ ಕೇಳಲಿಲ್ಲ. "ನಾವು ಮಾಡಿದ ಹೂವ ಹೆಂಗ ಕಾಣಸ್ತಾವ ನೋಡಬೇಕ್ರಿ. ನಡೀರಿ."

ಚರ್ಚಿನೊಳಗೆ ಗಾಳಿಮರದ ಎತ್ತರದ ಟೊಂಗೆಯೊಂದನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದ್ದರು. ಹಸಿರಿನ ನಡುವೆ ಬಿಳಿ ಹೂವು, ಕೆಂಪು ಹೂವು. ಕಿಟಕಿಯ ಬಿಸಿಲು ಬಿದ್ದ ಕಡೆ ಕೆಂಪಿನೊಳಗೆ ಬಂಗಾರದ ಚುಕ್ಕಿ ಮಿನುಗುತ್ತಿದ್ದವು.

"ಲಯ್ ಭಾರಿ, ಬಾಳ ಚಂದ ಆಗ್ಯಾವ ನೋಡ್ರಿ!" ಎಂದು ಎಸ್ತೇರಬಾಯಿ ಇಬ್ಬರ ಕೈ ಹಿಡಿದಳು.

ಸೋನಾಬಾಯಿ ಒಂದು ಕೆಂಪು ಹೂವನ್ನು ಬೆರಳಲ್ಲಿ ಎತ್ತಿ ನೋಡಿದಳು. ಇನ್ನೊಂದನ್ನು ನೋಡಿದಳು. ಮೂರನೆಯದನ್ನು ಮುಟ್ಟಲಿಲ್ಲ. ಎಸ್ತೇರಬಾಯಿ ಕೊಟ್ಟ ಚಹಾ ಕುಡಿದು, "ಬರತೀವ್ರಿ" ಎಂದು ಹೊರಗೆ ಬಂದಳು. ಬಸ್ ಸ್ಟ್ಯಾಂಡಿನವರೆಗೆ ನಡೆದು ಕಟ್ಟೆಯ ಮೇಲೆ ಕೂತಳು.

"ಸೋನಾ, ನಂದು ತಪ್ಪಾತು" ಅಂದಳು ಜಿನಮತಿ. "ಅರಿವಿ ತೀರಿತ್ತು, ಬಸ್ ಇರಲಿಲ್ಲ..."

"ಉಳದದ್ದರ ಐತಿಲ್ರಿ?"

"ಅರ್ಧ ಐತಿ."

ಸೋನಾಬಾಯಿ ರಸ್ತೆಯನ್ನೇ ನೋಡುತ್ತ ಹೇಳಿದಳು: "ನಮ್ಮ ಮನಿಯವರು ಇಚಲಕರಂಜ್ಯಾಗ ಮಗ್ಗದ ಮ್ಯಾಲ ಕೆಲಸಕ್ಕಿದ್ರು. ಆ ಸೀರಿ ಅವರ ಕೈಲೇ ನೇದದ್ದು. ನಡುವ ನಡುವ ಒಂದ ಚುಕ್ಕಿ ಇರೂದ್ರಾಗ ಎರಡು ಬಿದ್ದಾವ. 'ನಿನ್ನ ನೆನಸಿ ಲಕ್ಷ್ಯ ತಪ್ಪಿತು' ಅಂತಿದ್ರು. ಆ ಎರಡ ಚುಕ್ಕಿ ಹೂವಿನ ಎಸಳಿನ್ಯಾಗ ಕಂಡ್ವು."

ಜಿನಮತಿ ಅವಳ ಕಡೆ ತಿರುಗಿದಳು. "ನನಗ ಗೊತ್ತ ಇರಲಿಲ್ಲವಾ. ಕೇಳಿದ್ರ ನೀ ಕೊಡತಿದ್ದಿ, ಕೇಳಬೇಕಿತ್ತು ನಾ."

"ಕೊಡತಿದ್ದಿಲ್ಲ" ಅಂದಳು ಸೋನಾಬಾಯಿ. "ಅದಕ ನೀವು ಕೇಳಲಿಲ್ಲ."

ಬೇಡಕಿಹಾಳದ ಬಸ್ಸು ಬಂತು. ಜಿನಮತಿ ಹತ್ತಲಿಲ್ಲ. ಎದ್ದವಳೇ ಚರ್ಚಿನ ಕಡೆ ಬಿರಬಿರನೆ ನಡೆದಳು. ಹೆಂಗಸರು, ಹುಡುಗರು ಎಲ್ಲ ಕೂಡಿದ್ದ ಕಡೆಯೇ ಎಸ್ತೇರಬಾಯಿಯ ಮುಂದೆ ನಿಂತು, "ಬಾಯಿ, ಆ ಕೆಂಪು ಹೂವ ಕಳವಿನ ಅರಿವೀವು. ತೀರಿಹೋದ ಗಂಡ ನನ್ನ ನಾದಿನಿಗೆ ನೇದುಕೊಟ್ಟ ಸೀರಿ ಅದು, ಆಕಿನ್ನ ಕೇಳದ ಹರದೀನಿ. ತಿರುಗಿ ಕೊಡ್ರಿ" ಅಂದಳು. ಮಾತು ಮುಗಿಯುವಷ್ಟರಲ್ಲಿ ಅಳು ಬಂದಿತ್ತು. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

ಎಸ್ತೇರಬಾಯಿ ಒಂದು ಸ್ಟೂಲು ಎಳೆದು ಹತ್ತಿ, ಮೇಲಿನ ಹೂವಿಗೆ ಕೈ ಹಾಕಿದಳು.

"ಬ್ಯಾಡ್ರಿ ಬಾಯಿ." ಸೋನಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಅವಳೂ ಬಸ್ಸು ಬಿಟ್ಟು ಬಂದಿದ್ದಳು. "ಇಳಿಸಿದ್ರ ಅವು ಸೀರಿ ಆಗಂಗಿಲ್ಲ. ಇರಲಿ."

ಎಸ್ತೇರಬಾಯಿ ಕೆಳಗಿಳಿದು ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಿಮ್ಮ ಯಜಮಾನರ ಹೆಸರು ಏನಿತ್ತವಾ? ಇವತ್ತ ಪ್ರಾರ್ಥನಾದಾಗ ನೆನಸ್ತೀವಿ."

ಗಂಡನ ಹೆಸರು ಹೇಳುವ ರೂಢಿ ಅವರಲ್ಲಿ ಇರಲಿಲ್ಲ. ಸೋನಾಬಾಯಿ ಸೆರಗು ಸರಿಮಾಡಿಕೊಂಡಳು. "ಭೀಮಗೊಂಡ" ಅಂದಳು.

ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಜಿನಮತಿ ಆ ಹೆಸರು ಕೇಳಿದ್ದು ಅಂದೇ ಮೊದಲು.

ಊರಿಗೆ ಬಂದ ಮೇಲೆ ಸೋನಾಬಾಯಿ ಉಳಿದ ಸೀರೆಯನ್ನು ಬಿಚ್ಚಿ, ನೋಡಿ, ಮತ್ತೆ ಮಡಿಚಿ, ಟ್ರಂಕಿಗೆ ಕೀಲಿ ಹಾಕಿದಳು. ಸಂಕ್ರಾಂತಿಯವರೆಗೆ ವೈನಿಯ ಜೊತೆ ಬೇಕಾದಷ್ಟೇ ಮಾತು. ಭಾವುಸಾಹೇಬ ಏನಾಯಿತೆಂದು ಕೇಳಿದಾಗ ಜಿನಮತಿಯೇ ಎಲ್ಲ ಹೇಳಿದಳು. ಅವನು ಎದ್ದು ಹೊಲಕ್ಕೆ ಹೋದ.

ಸಂಕ್ರಾಂತಿಯ ದಿನ ಎಳ್ಳು ಬೆಲ್ಲ ಕೊಟ್ಟು ಇಬ್ಬರೂ ಮತ್ತೆ ಮಾತಾಡಿದರು. ಆದರೆ ಮೊದಲಿನಂತೆ ಅಲ್ಲ. ಯಾವುದಾದರೂ ಅರಿವೆ ಬೇಕಾದರೆ ಈಗ ಜಿನಮತಿ ಎರಡೆರಡು ಸಲ ಕೇಳುತ್ತಿದ್ದಳು. ಸೋನಾಬಾಯಿ ಒಮ್ಮೊಮ್ಮೆ ಇಲ್ಲ ಅನ್ನುತ್ತಿದ್ದಳು. ಆ 'ಇಲ್ಲ' ಕೇಳಿದಾಗ ಜಿನಮತಿಗೆ ನೋಯುತ್ತಿತ್ತು, ಜೊತೆಗೆ ಎಂಥದೋ ಹಗುರವೂ ಆಗುತ್ತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಇಬ್ಬರೂ ಜೋಳ ಹಸನ ಮಾಡುತ್ತ ಕೂತಿದ್ದರು. ಜಿನಮತಿ ಮೊರದಿಂದ ಕಣ್ಣು ಎತ್ತದೆ ಕೇಳಿದಳು:

"ಅವರು ಹೆಂಗಿದ್ರವಾ? ಎತ್ತರ ಇದ್ರೇನು?"

ಸೋನಾಬಾಯಿ ಕಲ್ಲು ಆರಿಸುವುದನ್ನು ನಿಲ್ಲಿಸಿದಳು. ಎದ್ದು ಹೋಗುತ್ತಾಳೇನೋ ಅನ್ನಿಸಿತು. ಹೋಗಲಿಲ್ಲ.

"ಗಿಡ್ಡರಿದ್ರು" ಅಂದಳು. "ಮಗ್ಗದ ಸಪ್ಪಳದಾಗ ಇದ್ದ ಇದ್ದ, ಮನ್ಯಾಗೂ ಜೋರ ಜೋರ ಮಾತಾಡತಿದ್ರು."