ನೀರು ಚೆಲ್ಲಿದ ಕಡೆ

ಚಟ್ಟಕ್ಕೆ ಹೆಗಲು ಕೊಟ್ಟು ಮುಂದೆ ನಡೆಯುತ್ತಿದ್ದ ಪದ್ಮಪ್ರಸಾದ್ ಹೊಸ್ತಿಲು ದಾಟಲೆಂದು ಕಾಲೆತ್ತಿದ. ದಾಟುವುದಕ್ಕೆ ಅಲ್ಲೇನೂ ಇರಲಿಲ್ಲ. ಅರಿಸಿನ ಬಳಿದ ಹೊಸ್ತಿಲ ಕಲ್ಲು ನೆಲದ ಮಟ್ಟಕ್ಕೇ ಹೂತಿತ್ತು. ಎತ್ತಿದ ಕಾಲು ಧಪ್ಪನೆ ಊರಿ ಅವನು ಮುಗ್ಗರಿಸಿದ. ಚಟ್ಟ ವಾಲಿ, ಅಕ್ಕ ರಾಜೀಮತಿಯ ಎದೆಯ ಮೇಲಿನ ಹಾರ ಒಂದು ಕಡೆ ಜಾರಿತು.

"ಇಲ್ಲಿ ಕಾಲೆತ್ತಬ್ಯಾಡಿ ಸಾ," ಎಂದ ಅಂಗಳದಲ್ಲಿ ನಿಂತಿದ್ದ ಗಾರೆ ಕೆಲಸದ ದ್ಯಾವಯ್ಯ. "ಈ ಬೀದೀಲಿ ಯಾರ ಮನ್ಗೂ ಎತ್ತಂಗಿಲ್ಲ. ಸುಮ್ಕೆ ನಡೀರಿ."

ತಂಗಿ ಅನಂತಮತಿ ತನ್ನ ಗಾಲಿಕುರ್ಚಿಯ ಚಕ್ರಗಳನ್ನು ತಾನೇ ತಿರುಗಿಸಿಕೊಂಡು ಹಿಂದೆ ಹೊರಟಳು. ಚನ್ನರಾಯಪಟ್ಟಣದ ಹೊರಗೆ, ಮೇಷ್ಟರು ಗುಮಾಸ್ತರು ಸೇರಿ ಕಟ್ಟಿಕೊಂಡ ಹನ್ನೊಂದು ಮನೆಗಳ ಬೀದಿ ಅದು. ಬೀದಿ ಮುಗಿದು ಊರಿನ ಹಳೆಯ ರಸ್ತೆ ಶುರುವಾಗುವಲ್ಲಿ ನಾಲ್ಕು ಬೆರಳು ತಗ್ಗು. ಹೆಂಗಸರು ವಾಡಿಕೆಯಂತೆ ಅಲ್ಲಿಗೆ ನಿಂತರು. ಕುರ್ಚಿಯೂ ಅಲ್ಲಿಗೇ ನಿಂತಿತು.

"ಇನ್ನು ಈ ಮಗೂನ ನೋಡೋರು ಯಾರಪ್ಪಾ," ಎಂದರು ಎದುರುಮನೆ ದೊಡ್ಡಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಂಡು.

"ಮಗೂಗೆ ಮೂವತ್ತಾರು, ದೊಡ್ಡಮ್ಮ."

"ಇರ್ಲಿ ಕಣೆ. ನಿಮ್ಮಣ್ಣ ಬಸ್‌ಸ್ಟ್ಯಾಂಡಿಗೆ ಪಾಪಯ್ಯನ ಜಟಕಾ ಹೇಳಿದಾನಂತೆ. ಸಾಯಂಕಾಲವೇ ನಿನ್ನ ಹೊಳೆನರಸೀಪುರಕ್ಕೆ ಕರ್ಕೊಂಡು ಹೋಗ್ತಾನಂತೆ. ಉಳಿದ ಕರ್ಮವೆಲ್ಲ ಅಲ್ಲೇ ಅಂತೆ."

"ಕುರ್ಚಿ?"

"ಬಸ್ಸಿಗೆ ಹೆಂಗೆ ಹತ್ತುತ್ತೆ? ಇಲ್ಲೇ ಇರ್ಲಿ ಅಂದ. ಅವನ ಮನೆಗೆ ಏಳು ಮೆಟ್ಟಿಲಲ್ವೆ, ಅಲ್ಲಿ ಇದ್ದು ತಾನೆ ಏನು ಮಾಡೀತು? ನಾನೇ ಎತ್ಕೋತೀನಿ ಅಂದ. ಪಾಪ, ಒಳ್ಳೆಯವನು."

ಅಣ್ಣ ಒಳ್ಳೆಯವನೇ. ಅನಂತಮತಿಗೆ ಅದರಲ್ಲಿ ಅನುಮಾನವಿರಲಿಲ್ಲ.

•

ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಾಲು ಸತ್ತ ಮೇಲೆ ಅವಳನ್ನು ಸೊಂಟದ ಮೇಲೆ ಹೊತ್ತವನು ಅವನೇ. ಬಸದಿಗೆ ಹೊತ್ತು ತಂದು ಒಂದು ಕಂಬದ ಬುಡದಲ್ಲಿ ಕೂರಿಸಿ ಆಡಲು ಹೋಗುತ್ತಿದ್ದ. ಒಮ್ಮೆ ಮರೆತ. ಬಂದವರೆಲ್ಲ ಹೋದರು, ಅರ್ಚಕರು ಬೀಗದ ಕೈ ಹಿಡಿದು ಕಾದರು. ಅವನು ಅಳುತ್ತಾ ಓಡಿ ಬಂದಾಗ ಅವಳೇ ಅವನನ್ನು ಸಮಾಧಾನ ಮಾಡಿದಳು. ಎತ್ತಿಕೊಳ್ಳುವವರ ಮೇಲೆ ಮುನಿಸಿಕೊಂಡು ಕೂರಲಾಗದು ಎಂಬುದು ಅವಳಿಗೆ ಅಷ್ಟು ಬೇಗ ತಿಳಿದಿತ್ತು.

ಹತ್ತೊಂಬತ್ತಕ್ಕೆ ವಿಧವೆಯಾಗಿ, ಓದಿ ಮೇಷ್ಟರ ಕೆಲಸ ಹಿಡಿದ ರಾಜೀಮತಿಗೆ ಐವತ್ತೇಳನೇ ಇಸವಿಯಲ್ಲಿ ಇಲ್ಲಿ ನಿವೇಶನ ಸಿಕ್ಕಿತು. ಸೈಕಲ್ ಚಕ್ರ ಹಾಕಿಸಿ ಬೆತ್ತದ ಕುರ್ಚಿಯೊಂದನ್ನು ಮಾಡಿಸಿದಳು. ತನ್ನ ಮನೆಯ ಪಾಯ ತಗ್ಗಿಸಿ ಸುಮ್ಮನಿರಬಹುದಾಗಿತ್ತು. ಆದರೆ ಉಳಿದ ಹತ್ತು ಮನೆಗಳಿಗೂ ಹೋಗಿ ಕೂತಳು.

"ಪಾಯ ಎತ್ತರ ಇದ್ರೆ ತಾನೇ ಮನೆಗೆ ಮರ್ಯಾದೆ?" ಎಂದಿದ್ದರು ದೊಡ್ಡಮ್ಮ. "ಹೊಸ್ತಿಲೇ ಇಲ್ಲದ ಮನೇಲಿ ಲಕ್ಷ್ಮಿ ನಿಲ್ತಾಳೇನೆ?"

"ಹೊಸ್ತಿಲು ಇರುತ್ತೆ, ನೆಲದಲ್ಲಿ ಇರುತ್ತೆ. ಲಕ್ಷ್ಮಿಗೂ ಮಂಡಿನೋವು ಬರೋ ವಯಸ್ಸು, ದೊಡ್ಡಮ್ಮ. ಸಲೀಸಾಗಿ ಬರ್ಲಿ ಬಿಡಿ."

ಮಂಡಿನೋವಿದ್ದ ದೊಡ್ಡಮ್ಮ ಮೊದಲು ಒಪ್ಪಿದರು.

ಗಾರೆ ಒಣಗಿದ ಮೇಲೆ ರಾಜೀಮತಿ ತಾನೇ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕಂಠಪೂರ್ತಿ ನೀರಿನ ಚೆಂಬು ಇಟ್ಟುಕೊಂಡು, ತಳ್ಳು ಎನ್ನುತ್ತಿದ್ದಳು. ನೀರು ಚೆಲ್ಲಿದ ಕಡೆ ದ್ಯಾವಯ್ಯ ಇಟ್ಟಿಗೆ ಚೂರಿನಿಂದ ಗೆರೆ ಎಳೆಯಬೇಕು. ಮರುದಿನ ಅಷ್ಟನ್ನೂ ಕಿತ್ತು ಮತ್ತೆ ಹಾಕಬೇಕು. ದೊಡ್ಡಮ್ಮನ ಬಾಗಿಲನ್ನು ಮೂರು ಸಲ ಕಿತ್ತ. "ಈವಮ್ಮನ ಸೀರೆ ಒಣಗೋಗಂಟ ನಂಗೆ ಬುಡುಗಡೆ ಇಲ್ಲ ಕಣ," ಎಂದು ಗೊಣಗಿದ.

ಯಾರ ಮನೆಗಾದರೂ ಹೋಗಬಹುದಾದ ಮೇಲೆ ಅನಂತಮತಿಗೆ ಇನ್ನೊಂದೂ ಸಾಧ್ಯವಾಯಿತು. ಉಪ್ಪಿನಕಾಯಿಯ ವಿಷಯಕ್ಕೆ ದೊಡ್ಡಮ್ಮನ ಜೊತೆ ಜಗಳವಾಡಿ, ಎರಡು ತಿಂಗಳು ಆ ಮನೆಗೆ ಹೋಗದೆ ಇದ್ದಳು. ಅಕ್ಕ ರಾಜಿ ಮಾಡಿಸಲಿಲ್ಲ. ಕುರ್ಚಿಗೆ ಎಣ್ಣೆ ಹಾಕುತ್ತಾ ಸುಮ್ಮನೆ ನಕ್ಕಿದ್ದಳು.

•

ಗಂಡಸರು ಸ್ನಾನ ಮುಗಿಸಿ ಬಂದರು. ದೊಡ್ಡಮ್ಮ ಕಳಿಸಿದ ಅನ್ನ ಸಾರನ್ನು ಹೊತ್ತು ಮುಳುಗುವ ಮೊದಲು ಉಂಡರು. ಬೀದಿಯ ಗಾರೆಯ ಮೇಲೆ ಕುದುರೆ ತರಲು ದ್ಯಾವಯ್ಯ ಬಿಡಲಿಲ್ಲವಾದ್ದರಿಂದ ಪಾಪಯ್ಯ ಜಟಕಾವನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿದ್ದ. ಅನಂತಮತಿಯ ಹಾಸಿಗೆ ಸುರುಳಿಯಾಗಿ ಆಗಲೇ ಅದರೊಳಗೆ ಕೂತಿತ್ತು.

"ಬಾರಮ್ಮ," ಎಂದು ಪದ್ಮಪ್ರಸಾದ್ ಅವಳ ಮುಂದೆ ಬಗ್ಗಿದ.

"ತಡಿ ಅಣ್ಣ. ಒಂದು ಚೆಂಬು ನೀರು ತುಂಬ್ಕೊಂಡು ಬಾ. ಕಂಠಪೂರ್ತಿ."

ಬಾಯಾರಿಕೆಯೆಂದುಕೊಂಡು ಅವನು ಸೋಸಿದ ನೀರು ತಂದ. ಅಷ್ಟರಲ್ಲಿ ಅವಳು ತೋಳು ಊರಿ ಕುರ್ಚಿಯಿಂದ ಜಗಲಿಗೆ ಜರುಗಿದ್ದಳು. ಎರಡೂ ಒಂದೇ ಎತ್ತರ.

"ಈಗ ನೀನು ಕೂತ್ಕೋ."

"ಇದೇನೇ ಹುಡುಗಾಟ, ಇಂಥ ದಿನ?"

"ಅಕ್ಕ ಕೂರ್ತಿದ್ಲು. ಜಟಕಾವರೆಗೆ ಹೋಗು ಸಾಕು. ಆಮೇಲೆ ನೀನು ಹೇಳಿದಂಗೆ ಕೇಳ್ತೀನಿ."

ಅವನು ಸುತ್ತ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಕೂತ. ಚೆಂಬನ್ನು ಮಡಿಲಲ್ಲಿಟ್ಟು ಎರಡು ಕೈಯಲ್ಲಿ ಹಿಡಿದ.

"ಬಿಗೀಬ್ಯಾಡಿ ಸಾ, ಸಡ್ಲ ಬುಡಿ," ಎಂದು ದ್ಯಾವಯ್ಯ ತಳ್ಳಿದ.

ಅನಂತಮತಿ ಜಗಲಿಯಿಂದ ನೋಡಿದಳು. ಕುರ್ಚಿ ದೊಡ್ಡಮ್ಮನ ಬಾಗಿಲು ದಾಟಿತು. ಮೇಷ್ಟರ ಮನೆ ದಾಟಿತು. ಅಣ್ಣ ಚೆಂಬಿನಿಂದ ಕಣ್ಣೆತ್ತಲಿಲ್ಲ. ಕುರ್ಚಿಯಿಲ್ಲದ ಅವಳು ಈಗ ಯಾರಾದರೂ ಎತ್ತದೆ ಎಲ್ಲಿಗೂ ಹೋಗಲಾರಳು. ಅವನು ನಡುವೆಯೇ ಎದ್ದು ಬಂದು ತನ್ನನ್ನು ಎತ್ತಿಕೊಂಡುಬಿಟ್ಟರೆ ಎಂದು ಒಂದು ಗಳಿಗೆ ಹೆದರಿದಳು.

ಬೀದಿಯ ಕೊನೆಯಲ್ಲಿ ಮುಂದಿನ ಪುಟ್ಟ ಚಕ್ರ ಹಳೆಯ ರಸ್ತೆಗೆ ಕುಸಿಯಿತು. ನೀರು ಅವನ ಪಂಚೆಯ ಮೇಲೆ ಚೆಲ್ಲಿತು. ವಾಲಿದ ಕುರ್ಚಿಯಲ್ಲಿ ಅವನು ಹಿಡಿ ಹುಡುಕಿದ. ಜಟಕಾದ ಮೆಟ್ಟಿಲು ಅವನ ಎದೆಯ ಮಟ್ಟಕ್ಕಿತ್ತು. ಪಾಪಯ್ಯ ಧಾವಿಸಿ ಬಂದು ಅವನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಲು ಹೋದ.

"ಬಿಡು. ಮುಟ್ಟಬೇಡ," ಎಂದ ಪದ್ಮಪ್ರಸಾದ್. ಅಷ್ಟು ದೂರಕ್ಕೂ ಕೇಳಿಸಿತು.

ಅವನು ತಿರುಗಿ ಜಗಲಿಯ ಮೇಲಿದ್ದ ತಂಗಿಯ ಕಡೆ ನೋಡಿದ. ಆಮೇಲೆ ಪಾಪಯ್ಯನಿಗೆ ಏನೋ ಹೇಳಿದ. ಪಾಪಯ್ಯ ತಲೆ ಕೆರೆದುಕೊಂಡು, ಹಾಸಿಗೆಯ ಸುರುಳಿಯನ್ನು ಜಟಕಾದಿಂದ ಇಳಿಸಿದ. ದ್ಯಾವಯ್ಯ ಅದನ್ನು ನೋಡಲಿಲ್ಲ. ರಸ್ತೆಯ ಬದಿಯಲ್ಲಿ ಇಟ್ಟಿಗೆ ಚೂರೊಂದನ್ನು ಹುಡುಕಿ, ಕುಕ್ಕರಗಾಲಿನಲ್ಲಿ ಕೂತು, ಒದ್ದೆಯಾದ ಜಾಗದ ಸುತ್ತ ಗೆರೆ ಎಳೆಯತೊಡಗಿದ.