ಪುಕ್ಕಟೆ ಕರೆಂಟಿನ ಸ್ಕೂಟರು

ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಎಷ್ಟು ತಿರುಚಿದರೂ ಸೈಕಲ್ಲಿಗಿಂತ ಚೂರು ಜಾಸ್ತಿ ಓಡುತ್ತದೆ ಅಷ್ಟೆ. ಆ ಕಾರಣಕ್ಕೇ ಚನ್ನಪ್ಪ ತಮ್ಮ ಸೊಸೆ ರೂಪಶ್ರೀಗೆ ಕರೆಂಟಿನ ಸ್ಕೂಟರ್ ಕೊಡಿಸಲು ಒಪ್ಪಿದ್ದು. ಹೆಂಗಸರಿಗೆ ಇಷ್ಟು ಸ್ಪೀಡು ಸಾಕು ಅಂತ ಊರೆಲ್ಲ ತಲೆಯಾಡಿಸಿತು. ರೂಪಶ್ರೀ ಆ ಮಾತಿಗೆ ಮೈ ಉರಿದರೂ ಸ್ಕೂಟರ್ ಹತ್ತಿದಳು. ನುಗ್ಗೇಹಳ್ಳಿಯ ಖಾಸಗಿ ಶಾಲೆಯಲ್ಲಿ ಸಿಕ್ಕಿದ್ದ ಟೀಚರ್ ಕೆಲಸ ಆ ಸ್ಕೂಟರನ್ನೇ ನಂಬಿಕೊಂಡಿತ್ತು. ಊರಿನ ಮೊದಲ ಬಸ್ಸು ನುಗ್ಗೇಹಳ್ಳಿ ಮುಟ್ಟುವಷ್ಟರಲ್ಲಿ ಹತ್ತೂವರೆ. ಶಾಲೆಯ ಪ್ರಾರ್ಥನೆ ಹತ್ತಕ್ಕೆ.

ಮನೆಯಲ್ಲಿ ಚಾರ್ಜಿಗೆ ಹಾಕಲು ಮಾವ ಬಿಡಲಿಲ್ಲ.

"ಮನೇಲಿ ಮೀಟ್ರು ತಿರುಗ್ತದೆ ಕಣವ್ವ. ತ್ವಾಟದ ಪಂಪ್‌ಸೆಟ್ಟಿಗೆ ಸರ್ಕಾರನೇ ಪುಕ್ಕಟೆ ಕೊಡ್ತಾ ಐತಲ್ಲ, ಅಲ್ಲೇ ಆಕು."

ಆ ಲೈನು ಎಂಥದ್ದು ಅಂತ ಗೊತ್ತಿದ್ದವರೇ ಅವರು. ಮೂರು ಫೇಸ್ ಬಾರದ ಹೊತ್ತಿನಲ್ಲಿ ಊರಿನವರೆಲ್ಲ ಕಂಡೆನ್ಸರ್ ಸಿಕ್ಕಿಸಿ, ಇರುವ ಎರಡು ಫೇಸಿನಲ್ಲೇ ಮೋಟಾರು ಎಳೆಸುತ್ತಿದ್ದರು. ವೋಲ್ಟೇಜು ಒಮ್ಮೆ ಸಾಯುತ್ತಿತ್ತು, ಒಮ್ಮೆ ಹುಚ್ಚೆದ್ದು ಕುಣಿಯುತ್ತಿತ್ತು. ರೂಪಶ್ರೀ ಬೇಡವೆಂದಳು, ಮಾವ ಕೇಳಲಿಲ್ಲ. ತಿಂಗಳು ತುಂಬುವ ಮೊದಲೇ ಚಾರ್ಜರ್ ಸುಟ್ಟು ಕರಕಲಾಯಿತು. ಪಂಪ್‌ಸೆಟ್ ಲೈನಿಗೆ ವಾರಂಟಿ ಇಲ್ಲವೆಂದು ಸ್ಕೂಟರ್ ಅಂಗಡಿಯವನು ಕೈತೊಳೆದುಕೊಂಡ. ಹೊಸದಕ್ಕೆ ಮಾವ ದುಡ್ಡು ಬಿಚ್ಚಲಿಲ್ಲ. ಅವಳಿಗೆ ಬಸ್ಸೇ ಗತಿಯಾಯಿತು, ದಿನಾ ತಡ. ಸೋಮವಾರದ ಪ್ರಾರ್ಥನೆಗೆ ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಅಂತ ಹೆಡ್ಮಾಸ್ಟರ್ ಗಂಗಾಧರಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟರು.

ಅಷ್ಟರಲ್ಲಿ ಅಂಗಡಿಯವನೇ ಮನೆಗೆ ಬಂದ. ಅದೇ ಸೋಮವಾರ ಎಂಟಕ್ಕೆ ಚನ್ನರಾಯಪಟ್ಟಣದಲ್ಲಿ ಸರ್ಕಾರದವರ ಹೊಗೆರಹಿತ ವಾಹನ ಸಮಾರಂಭವಂತೆ. ಕರೆಂಟಿನ ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಮಹಿಳೆ ಒಬ್ಬಳು ಬೇಕಂತೆ. ವೇದಿಕೆ ಹತ್ತಿದರೆ ಸಾಹೇಬರ ಕೈಯಿಂದಲೇ ಹೊಸ ಚಾರ್ಜರ್. ಅಲ್ಲಿಂದ ಒಂಬತ್ತರ ಬಸ್ಸು ಹಿಡಿದರೆ ಹತ್ತರೊಳಗೆ ಶಾಲೆ. ರೂಪಶ್ರೀ ಒಪ್ಪಿದಳು.

ಓಡದ ಸ್ಕೂಟರನ್ನು ಲಗೇಜ್ ಆಟೋಗೆ ಹಗ್ಗ ಕಟ್ಟಿ ಏರಿಸಿದರು. ಆಟೋ ದಾರಿಯುದ್ದಕ್ಕೂ ಕಪ್ಪು ಹೊಗೆ ಕಾರಿತು. ಸಮಾರಂಭದಲ್ಲಿ ಕರೆಂಟ್ ಹೋಗಿತ್ತು, ಮೈಕಿಗಾಗಿ ಡೀಸೆಲ್ ಜನರೇಟರ್ ಬಡಿದುಕೊಳ್ಳುತ್ತಿತ್ತು. ಅವಳಿಗೆ ಹೇಸಿಗೆಯಾಯಿತು. ಆ ಹೊಗೆಗಿಂತಲೂ, ಅದರ ನಡುವೆ ಹಲ್ಲು ಕಿರಿದುಕೊಂಡು ನಿಂತಿದ್ದವರನ್ನು ಕಂಡು.

ಒಂಬತ್ತಾಯಿತು. ಸಾಹೇಬರು ಬರಲಿಲ್ಲ. ಚಾರ್ಜರ್ ಬಣ್ಣದ ಕಾಗದ ಸುತ್ತಿಕೊಂಡು ಮೇಜಿನ ಮೇಲೇ ಇತ್ತು. ಸಾಹೇಬರಿಲ್ಲದೆ ಮುಟ್ಟಕೂಡದು ಅಂದ ಅಂಗಡಿಯವನು. ಅವಳು ಎದ್ದಳು. ಜೊತೆಗೆ ಬಂದಿದ್ದ ಮಾವ ಸೆರಗು ಹಿಡಿದು ಕೂರಿಸಿದರು.

"ಇದಿಲ್ದೆ ನಾಳೆ ಎಂಗೋಯ್ತೀಯವ್ವ?"

ಅದೂ ನಿಜವೇ. ಅದು ನಿಜವಾಗಿದ್ದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಬಸ್ಸು ಅವಳ ಕಣ್ಣೆದುರಿಗೇ ಹೋಯಿತು.

ಹನ್ನೊಂದೂವರೆಗೆ ಸಾಹೇಬರ ಜೀಪು ಬಂತು. ಹಾರ, ದೀಪ, ಭಾಷಣ. ಜನ ಇನ್ನೂ ಪೆಟ್ರೋಲಿಗೇ ಅಂಟಿಕೊಂಡಿದ್ದಾರೆ, ಜನರ ಮನಸ್ಸು ಬದಲಾಗಬೇಕು ಅಂತ ಸಾಹೇಬರು ನೊಂದುಕೊಂಡರು. ಆಮೇಲೆ ರೂಪಶ್ರೀಯನ್ನು ಸ್ಕೂಟರಿನ ಮೇಲೆ ಕೂರಿಸಿದರು. ಓಡುವ ಹಾಗೆ ಕಾಣಲಿ ಎಂದು ಹಿಂದಿನಿಂದ ತಳ್ಳಿದವರು ಸ್ವತಃ ಚನ್ನಪ್ಪ. ಫೋಟೋ ಆಯಿತು.

ಸಾಹೇಬರು ಅವಳ ಮುಂದೆ ಮೈಕು ಹಿಡಿದು, ಏನು ಕೆಲಸ ಮಾಡುತ್ತೀಯಮ್ಮ ಅಂತ ಕೇಳಿದರು.

"ಬೆಳಿಗ್ಗೆ ಹತ್ತರ ತನಕ ಟೀಚರಾಗಿದ್ದೆ ಸಾ."

ಸಾಹೇಬರು ಕ್ಯಾಮೆರಾದ ಕಡೆ ತಿರುಗಿ ನಿಂತಿದ್ದರು. ಭೇಷ್ ಅಂದು ಚಾರ್ಜರನ್ನು ಅವಳ ಕೈಗಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವಳ ಮಾವ.