ಅರ್ಧ ಕಾಸ್ಟಿಕ್ ಸೋಪು

ಆರ್‌ಪಿಸಿ ಲೇಔಟಿನ ಮಹಿಳಾ ಸಂಘ ಸೇರುತ್ತಿದ್ದುದು ಅಧ್ಯಕ್ಷೆ ಬಸವರಾಜೇಶ್ವರಿಯವರ ಮನೆಯ ಹಾಲ್‌ನಲ್ಲಿ. ಆ ಸಂಜೆ ಟೀಪಾಯಿಯ ಮೇಲೆ, ಚಕ್ಕುಲಿ ತಟ್ಟೆಯ ಪಕ್ಕದಲ್ಲಿ, ಒಂದು ಸೋಪು ಇತ್ತು. ಮೆತ್ತಗೆ ಕುಸಿದು, ಮೈಯೆಲ್ಲ ಎಣ್ಣೆ ಬೆವರಿ, ಹಳೇ ಕೊಬ್ಬರಿಯ ಹಾಗೆ ಕಮಟು ನಾರುತ್ತಿತ್ತು. ಮಾಡಿದವರು ಪಂಕಜಾ. ಮಾಡಲು ಕಲಿಸಿದವಳು ಎದುರಿಗೇ ಕೂತಿದ್ದ ಶರಣ್ಯಾ.

"ಮೊಮ್ಮಗಳ ನಾಮಕರಣಕ್ಕೆ ಬಂದೋರಿಗೆಲ್ಲ ಇದನ್ನೇ ಕೊಟ್ಟೆ ಕಣ್ರೀ," ಎಂದರು ಪಂಕಜಾ. "ನಮ್ಮ ನಾದಿನಿ ಫೋನ್ ಮಾಡಿ, ಅತ್ಗೆ, ಇದು ಮೈಗೆ ಹಚ್ಚೋದಾ, ಗೇಟಿನ ಕೀಲಿಗೆ ಹಚ್ಚೋದಾ ಅಂತ ನಗ್ತಾಳೆ. ಎಂಎಸ್ಸಿ ಕೆಮಿಸ್ಟ್ರಿ ಅಂತ ನಂಬಿ ಕೆಟ್ಟೆ. ಕಾಸ್ಟಿಕ್ ಜಾಸ್ತಿ ಹೇಳಿದಾಳೆ, ಇನ್ನೇನು!"

ಹಾಲ್‌ನಲ್ಲಿ ನಗು ಎದ್ದಿತು. ಭಾನುವಾರ ಪಾರ್ಕಿನಲ್ಲಿ ನಡೆಯುವ ಸಂಘದ ಸಂತೆಯಲ್ಲಿ ಶರಣ್ಯಾಳ ಸೋಪಿಗೆ ಮೊದಲ ಸಲ ಒಂದು ಮೇಜು ಕೊಡುವುದೆಂದು ಮಾತಾಗಿತ್ತು.

"ಈ ಸಲ ಮೇಜು ಬೇಡ ಬಿಡು ಪುಟ್ಟಾ," ಎಂದರು ಬಸವರಾಜೇಶ್ವರಿ. "ಮಕ್ಕಳ ಚರ್ಮದ ವಿಷಯ."

ಈ ಕಡೆಯ ಬೋರ್‌ವೆಲ್ ನೀರಿಗೆ ಮನೆಯಲ್ಲಿ ಮಾಡಿದ ಸೋಪು ನೊರೆ ಕೊಡುವುದಿಲ್ಲ. ಬಕೆಟ್ಟಿಗೆಲ್ಲ ಬಿಳಿ ಜಿಡ್ಡು ಕಟ್ಟುತ್ತದೆ. ಅದಕ್ಕೇ ಶರಣ್ಯಾ ಸಿಟ್ರಿಕ್ ಆಸಿಡ್ ಸೇರಿಸುತ್ತಿದ್ದಳು. ಎಣ್ಣೆಯನ್ನು ಸೋಪಾಗಿಸುವುದು ಕಾಸ್ಟಿಕ್ ಸೋಡಾ, ಮಿಕ್ಕಿ ಉಳಿದರೆ ಚರ್ಮ ಸುಡುತ್ತದೆ. ಆಸಿಡ್ ಅದರ ಒಂದು ಪಾಲನ್ನು ತಾನೇ ತಿಂದುಹಾಕುವುದರಿಂದ, ಎಣ್ಣೆಗೆ ಕೊರತೆಯಾಗದಂತೆ ಕಾಸ್ಟಿಕ್ ತುಸು ಹೆಚ್ಚು ಹಾಕಬೇಕು. ಪಂಕಜಾರಿಗೆ ಗ್ಲೌಸ್ ತೊಡಿಸಿ, ಕಿಟಕಿ ತೆರೆಸಿ, ಇದನ್ನೆಲ್ಲ ಬಿಡಿಸಿ ಹೇಳಿದ್ದಳು.

"ಆಂಟಿ, ನಾನು ಹೇಳಿದ ಅಳತೇಲೇ ಮಾಡಿದ್ರಾ?"

"ಸ್ವಲ್ಪ ಬದಲಾಯಿಸ್ದೆ. ಎಳೇ ಮಗು ಇರೋ ಮನೆ ಕಣೇ! ಕಾಸ್ಟಿಕ್ ಅರ್ಧ ಮಾಡ್ದೆ. ಸಿಟ್ರಿಕ್ ಆಸಿಡ್ ನಿಂಬೆಹಣ್ಣಿಂದು ತಾನೇ, ಒಳ್ಳೇದು ಅಂತ ಅದನ್ನ ಡಬಲ್ ಹಾಕ್ದೆ."

"ಅದಕ್ಕೇ ಹೀಗಾಗಿರೋದು. ಎಣ್ಣೆ ಸೋಪೇ ಆಗಿಲ್ಲ."

"ನೋಡಿದ್ರಾ? ಅರ್ಧ ಹಾಕಿದ್ದಕ್ಕೇ ಈ ಗತಿ. ಇವಳು ಹೇಳಿದಷ್ಟು ಹಾಕಿದ್ದಿದ್ರೆ ಮಗು ಗತಿ ಏನ್ರೀ?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ತಪ್ಪನ್ನು ಬಾಯಾರೆ ಒಪ್ಪಿಕೊಂಡ ಹೆಂಗಸು ಗೆದ್ದು ಕೂತಿದ್ದಳು. ಪಕ್ಕದಲ್ಲಿದ್ದ ತಾಯಿ ಶಿವಕ್ಕ ಮಗಳ ಮೊಣಕಾಲು ಒತ್ತಿ, "ಸುಮ್ನಿರೇ, ದೊಡ್ಡೋರು," ಎಂದು ಪಿಸುಗುಟ್ಟಿದಳು. ಅವರ ಮನೆಯಲ್ಲಿ ಸುಮ್ಮನಿರುವುದಕ್ಕೆ ಒಳ್ಳೆಯತನ ಎಂಬ ಹೆಸರಿತ್ತು. ಶರಣ್ಯಾಳಿಗೂ ಮೌನ ಇಷ್ಟವೇ. ಆದರೆ ಇದು ಮೌನವಲ್ಲ. ಅವಳ ಬಾಯಿಗೆ ಬೇರೆಯವರು ತುರುಕಿದ ಬಟ್ಟೆ.

ಅವಳು ಎದ್ದು ಸೋಪನ್ನು ಕೈಗೆತ್ತಿಕೊಂಡಳು.

"ಕಾಸ್ಟಿಕ್ ಉಳಿದಿದ್ರೆ ನಾಲಿಗೆಗೆ ತಾಗಿಸಿದ ತಕ್ಷಣ ಶಾಕ್ ಹೊಡೆದ ಹಾಗೆ ಚುರ್ ಅನ್ನತ್ತೆ. ಸೋಪು ಮಾಡೋರೆಲ್ಲ ಹೀಗೇ ನೋಡೋದು." ನಾಲಿಗೆಯ ತುದಿಗೆ ಸೋಪು ಮುಟ್ಟಿಸಿದಳು. ಮುಖ ಕಿವುಚಲಿಲ್ಲ. "ನೀವೂ ನೋಡಿ ಆಂಟಿ."

"ಥೂ! ನಾನ್ಯಾಕೆ ನೆಕ್ಕಲಿ ಆ ಗಲೀಜನ್ನ?"

"ಹೋಗ್ಲಿ ಬಿಡಮ್ಮ," ಎಂದರು ಬಸವರಾಜೇಶ್ವರಿ. "ಏನೋ ಆಯ್ತು. ಕಾಫಿ ಕುಡಿ."

"ಏನೋ ಆಗಿಲ್ಲ ಆಂಟಿ. ಅವರು ಮಾಡಿದ್ದು ನನ್ನ ತಲೆಗೆ ಬಂದಿದೆ."

ಆಗ ಶಿವಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಮಗಳ ಕೈಯಿಂದ ಸೋಪು ತೆಗೆದುಕೊಂಡು, ನಾಲಿಗೆಗೆ ತಾಗಿಸಿ, ಒಂದು ಕ್ಷಣ ಕಾದಳು.

"ಚುರ್ ಅನ್ನಲ್ಲ. ಬರೀ ಎಣ್ಣೆ," ಎಂದಳು. ಸೋಪನ್ನು ಪಂಕಜಾರ ಮುಖದ ಮುಂದೆ ಹಿಡಿದಳು. "ಈಗ ನೀವು. ಅಲ್ಲೀವರೆಗೂ ನಾನು ಕೂರಲ್ಲ."

ಪಂಕಜಾ ಸುತ್ತ ನೋಡಿದರು. ಈ ಸಲ ಯಾರೂ ನಗಲಿಲ್ಲ, ಬಸವರಾಜೇಶ್ವರಿಯೂ ಬೇಡವೆನ್ನಲಿಲ್ಲ. ಪಂಕಜಾ ಕಣ್ಣು ಮುಚ್ಚಿ, ಕಹಿ ಔಷಧಿ ಕುಡಿಯುವವರಂತೆ, ನಾಲಿಗೆ ಚಾಚಿದರು.

"ಏನನ್ಸತ್ತೆ?" ಎಂದಳು ಶಿವಕ್ಕ.

"ಏನೂ ಇಲ್ಲ," ಎಂದರು ಪಂಕಜಾ, ತಮ್ಮ ಸೆರಗಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಜೋರಾಗಿ ಹೇಳಿ ಆಂಟಿ," ಎಂದಳು ಶರಣ್ಯಾ.